ಅಕ್ಕನ ಹಸಿರುಮನೆಯ ಒರಳುಕಲ್ಲುಗಳು

ಚಾಮರಾಜನಗರದ ನಮ್ಮ ಬೀದಿಯ ನಾಯಿಗಳಿಗೆ ವಿಜ್ಞಾನ ಗೊತ್ತು. ಚಳಿಗಾಲದ ಸಂಜೆ ಹೊತ್ತು ಮುಳುಗಿ ಸ್ವಲ್ಪ ಹೊತ್ತಾಯಿತೋ ಇಲ್ಲವೋ, ಅವು ಮನೆಗಳ ಮುಂದಿನ ಮಣ್ಣು ಬಿಟ್ಟು ಒಂದೊಂದಾಗಿ ಎದ್ದು ಬಂದು ಡಾಂಬರು ರಸ್ತೆಯ ನಡುವೆ ಹೊಟ್ಟೆ ಊರಿ ಮಲಗುತ್ತವೆ. ಸ್ಕೂಟರಿನವರು ಹಾರನ್ ಹೊಡೆಯುತ್ತಾರೆ, ಬೈಯುತ್ತಾರೆ, ಕೊನೆಗೆ ಸುತ್ತು ಹಾಕಿಕೊಂಡು ಹೋಗುತ್ತಾರೆ. ನಾಯಿ ಒಂದು ಕಿವಿ ಅಲ್ಲಾಡಿಸುತ್ತದೆಯೇ ಹೊರತು ಏಳುವುದಿಲ್ಲ. ಮಣ್ಣು ಆಗಲೇ ತಣ್ಣಗಾಗಿರುತ್ತದೆ, ಹಗಲೆಲ್ಲ ಕಾದ ರಸ್ತೆ ಮಾತ್ರ ಎಂಟು ಗಂಟೆಯವರೆಗೂ ಬೆಚ್ಚಗಿರುತ್ತದೆ. ಇದನ್ನು ಅವುಗಳಿಗೆ ಯಾವ ಮೇಷ್ಟರೂ ಹೇಳಿಕೊಟ್ಟಿಲ್ಲ.

ಮೇಷ್ಟರ ಮಾತು ಬಂದದ್ದರಿಂದ ನನ್ನ ತಪ್ಪನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. 'ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಕಾರಣ ಕೊಡಿ' ಎಂಬ ಪ್ರಶ್ನೆಯನ್ನು ಹೆಚ್ಚುಕಡಿಮೆ ಪ್ರತಿವರ್ಷವೂ ಕೇಳುತ್ತಿದ್ದೆ. ಎರಡು ಅಂಕದ ಪ್ರಶ್ನೆ. ನೀರಿನ ವಿಶಿಷ್ಟೋಷ್ಣ ಹೆಚ್ಚು ಎಂದು ಬರೆದವರಿಗೆ ಒಂದು, ಒಂದು ಉದಾಹರಣೆ ಕೊಟ್ಟವರಿಗೆ ಇನ್ನೊಂದು. ಉದಾಹರಣೆಗೆ ಪುಸ್ತಕದಲ್ಲಿದ್ದದ್ದು ಕಡಲ ಗಾಳಿ. ಗುಂಡ್ಲುಪೇಟೆಯ ಮಕ್ಕಳಿಗೆ ನಾನು ವರ್ಷವರ್ಷವೂ ಕಡಲ ಗಾಳಿಯನ್ನು ಬೀಸಿದೆ. ಕಡಲನ್ನು ಅವರೂ ಕಂಡಿರಲಿಲ್ಲ, ಆಗ ನಾನೂ ಕಂಡಿರಲಿಲ್ಲ. ಒಂದು ಹುಡುಗಿ ಮಾತ್ರ ಎದ್ದು ನಿಂತು, "ಸಾ, ನಮ್ಮೂರ ಕೆರೆಗೂ ಅಂಗೇ ಆಯ್ತದಾ?" ಎಂದಿದ್ದಳು. ಅದು ಪಾಠದಲ್ಲಿಲ್ಲ, ಕೂತುಕೊಳ್ಳಮ್ಮ ಎಂದೆ. ಆ ಹುಡುಗಿ ಈಗ ಎಲ್ಲಿದ್ದಾಳೋ, ಸಿಕ್ಕರೆ ಅವಳಿಗೆ ಆ ಎರಡು ಅಂಕವನ್ನು ಕೊಡಬೇಕೆಂದಿದ್ದೇನೆ.

ಕಲ್ಲಿನ ವಿಷಯದಲ್ಲೂ ನನ್ನ ಜ್ಞಾನ ಇಷ್ಟೇ. ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ದೇವಸ್ಥಾನದ ಪ್ರಾಕಾರದಲ್ಲಿ ಮಟಮಟ ಮಧ್ಯಾಹ್ನ ಪ್ರದಕ್ಷಿಣೆ ಹಾಕುವವರನ್ನು ನೋಡಿದ್ದೀರಲ್ಲ? ಮೊದಲ ಸುತ್ತು ಭಕ್ತಿಯಿಂದ ನಡೆಯುತ್ತಾರೆ, ಎರಡನೆಯದನ್ನು ಓಡುತ್ತಾರೆ, ಮೂರನೆಯದು ಕುಪ್ಪಳಿಕೆ. ನಾನು ಗುಡಿಯೊಳಗೆ ಹೋಗುವವನಲ್ಲ. ಹೊರಗೆ ಹುಣಸೆಮರದ ನೆರಳಲ್ಲಿ ಎಲ್ಲರ ಚಪ್ಪಲಿ ಕಾಯುತ್ತ, ಅವರ ಕುಣಿತ ನೋಡಿ ನಗುತ್ತ ನಿಲ್ಲುವವನು. ಹಾಗಂತ ಪ್ರಸಾದ ಬಿಡುವವನೂ ಅಲ್ಲ. ಕಲ್ಲು ಹಗಲು ಸುಡುತ್ತದೆ ಎಂಬುದನ್ನು ಹೀಗೆ ನಗುನಗುತ್ತ ಕಲಿತೆ. ಹಗಲು ಸುಟ್ಟ ಕಲ್ಲು ರಾತ್ರಿ ಏನು ಮಾಡುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಅದನ್ನು ಯೋಚಿಸಿದವಳು ನನ್ನ ಅಕ್ಕ ರಾಜಮ್ಮಣ್ಣಿ. ಅವಳು ಓದಿದ್ದು ನಾಲ್ಕನೇ ಕ್ಲಾಸು.

ಅಕ್ಕ ಹೋಗಿ ಎರಡು ವರ್ಷವಾಯಿತು. ಅವಳ ವಿಷಯ ಬರೆಯಬೇಕೆಂದು ಕೂತಾಗಲೆಲ್ಲ ನಾಯಿ, ಕಡಲು, ಗುಡಿ ಎಂದು ಹೀಗೇ ಸುತ್ತಿ ಬರುತ್ತೇನೆ. ಇವತ್ತು ನೇರವಾಗಿ ಹೇಳಿಬಿಡುತ್ತೇನೆ. ನಮ್ಮವ್ವ ತೀರಿಕೊಂಡಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನಾಲ್ಕು. ಅವಳು ಸ್ಕೂಲು ಬಿಟ್ಟು ಅದಾಗಲೇ ನಾಲ್ಕೈದು ವರ್ಷವಾಗಿತ್ತು, ನನ್ನನ್ನು ಬಿಡಲು ಬಿಡಲಿಲ್ಲ. ನಾನು ಮೇಷ್ಟರಾದ ದಿನ ಊರಿಗೆಲ್ಲ ಸಕ್ಕರೆ ಹಂಚಿದವಳು ಅವಳು. ಮದುವೆಯಾಗಿ ಹಂಗಳಕ್ಕೆ ಹೋದಳು. ಭಾವ ಬೇಗ ಹೋದರು, ಒಬ್ಬಳೇ ಮಗಳು ನಂಜನಗೂಡಿಗೆ ಸೊಸೆಯಾಗಿ ಹೋದಳು. ಅಕ್ಕ ಮಾತ್ರ ಬಂಡೀಪುರದ ಕಡೆ ಹೋಗುವ ರಸ್ತೆಯ ಪಕ್ಕದ ತನ್ನ ಒಂದೂವರೆ ಎಕರೆಯಲ್ಲಿ ಹಸಿರುಮನೆ ಕಟ್ಟಿಸಿ ಸಸಿ ಮಾಡಿ ಮಾರತೊಡಗಿದಳು. ಟೊಮೇಟೊ, ದಪ್ಪಮೆಣಸಿನಕಾಯಿ, ಕೋಸು, ಚೆಂಡುಹೂವು. ಸುತ್ತಲ ರೈತರು 'ಅಮ್ಮಣ್ಣಿ ಸಸಿ' ಎಂದರೆ ಕಣ್ಣುಮುಚ್ಚಿ ಒಯ್ಯುತ್ತಿದ್ದರು. ಇಂಥ ದಿನ ಕೊಡುತ್ತೇನೆ ಎಂದರೆ ಅಂಥ ದಿನ ಕೊಡುತ್ತಿದ್ದಳು. ಅವಳಿಗೆ ಇದ್ದ ಒಂದೇ ಜಂಬ ಅದು.

ಹಸಿರುಮನೆ ಎಂಬುದು ನಮ್ಮ ಪುಸ್ತಕದ ಮಾತು. ಅಕ್ಕ ಅದನ್ನು ಕರೆಯುತ್ತಿದ್ದದ್ದು ಪ್ಲಾಸ್ಟಿಕ್ ಮನೆ ಎಂದು. ಕಬ್ಬಿಣದ ಕಂಬಿ, ಮೇಲೆ ಸುತ್ತ ಬೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಒಳಗೆ ಸಾಲಾಗಿ ಮೇಜು, ಮೇಜಿನ ಮೇಲೆ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳು, ಒಂದೊಂದು ಗುಳಿಯಲ್ಲಿ ಒಂದೊಂದು ಬೀಜ. ಈ ಮನೆಯ ಸ್ವಭಾವ ದುಂದುಗಾರರದು. ಹಗಲು ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಒಳಗಿದ್ದವರು ಬೆವರಿಳಿಸುವಷ್ಟು ಕಾಯುತ್ತದೆ. ಹೊತ್ತು ಮುಳುಗಿದರೆ ಆ ತೆಳು ಹಾಳೆಯಲ್ಲಿ ಎಲ್ಲವೂ ಸೋರಿ, ಬೆಳಗಿನ ಜಾವಕ್ಕೆ ಒಳಗೂ ಹೊರಗೂ ಒಂದೇ ಚಳಿ. ಕಾಡಂಚಿನ ಊರು, ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗಾಳಿ ಬಿಟ್ಟರೆ ಮಾರ್ಗಶಿರ ಪುಷ್ಯದಲ್ಲಿ ಹಲ್ಲು ಕಟಕಟ ಎನ್ನುತ್ತದೆ. ಮನುಷ್ಯರಾದರೆ ಕಂಬಳಿ ಹೊದೆಯುತ್ತಾರೆ. ದಪ್ಪಮೆಣಸಿನಕಾಯಿಯ ಬೀಜ ಬೆಚ್ಚಗಿಲ್ಲದಿದ್ದರೆ ಕಣ್ಣೇ ಬಿಡುವುದಿಲ್ಲ, ಇದ್ದಲ್ಲೇ ಕೊಳೆಯುತ್ತದೆ.

ಅಕ್ಕನ ಪ್ಲಾಸ್ಟಿಕ್ ಮನೆಯ ಬಡಗಣ ಬದಿಗೆ ಮೇಜುಗಳಿರಲಿಲ್ಲ. ಅಲ್ಲಿ ಕಲ್ಲುಗಳಿದ್ದವು. ಸಾಮಾನ್ಯ ಕಲ್ಲುಗಳಲ್ಲ, ಒರಳುಕಲ್ಲು, ರಾಗಿಕಲ್ಲು, ಗುಂಡುಕಲ್ಲು. ಮನೆಮನೆಗೂ ಮಿಕ್ಸಿ ಗ್ರೈಂಡರು ಬಂದ ಮೇಲೆ ಇವಕ್ಕೆ ಕೆಲಸ ತಪ್ಪಿತಲ್ಲ? ಆದರೆ ಅನ್ನ ಕೊಟ್ಟ ಕಲ್ಲು, ಅದನ್ನು ಒಡೆಯಬಾರದು, ಮಾರಬಾರದು, ಕಾಲಲ್ಲಿ ಒದೆಯಬಾರದು. ಹಾಗಾಗಿ ಹಿತ್ತಲಿನ ಮೂಲೆಯಲ್ಲಿ ಕೂತು ಪಾಚಿ ಕಟ್ಟುತ್ತಿದ್ದವು. ಅಕ್ಕ ಕೇಳಿದ್ದೇ ತಡ, "ನಿಮ್ ಹತ್ರ ಇದ್ರ ಸರಿ ಕಣಮ್ಮ, ತಕ್ಕೊಂಡೋಗಿ" ಎಂದು ಎಲ್ಲರೂ ಕೊಟ್ಟರು. ಗೂಡ್ಸ್ ಆಟೊದಲ್ಲಿ ತಂದು ತಂದು ಎದೆಯೆತ್ತರದ ಒಂದು ಗೋಡೆಯನ್ನೇ ಜೋಡಿಸಿದ್ದಳು. ಪಕ್ಕದಲ್ಲಿ ರಸ್ತೆ ಅಗಲ ಮಾಡಿದವರು ಬಿಟ್ಟುಹೋದ ಆರು ಡಾಂಬರು ಡ್ರಮ್ಮುಗಳು, ಕುತ್ತಿಗೆಯವರೆಗೆ ನೀರು. ಸೋಮವಾರ ಸೋಮವಾರ ಸ್ನಾನ ಮಾಡಿ ಬಂದು ಮುಂದಿನ ಸಾಲಿನ ಕಲ್ಲುಗಳಿಗೆಲ್ಲ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದಳು.

ವಿಭೂತಿ ಕಂಡ ಮೇಲೆ ನಾನು ಬೇರೇನನ್ನೂ ನೋಡಲಿಲ್ಲ. "ಏನಕ್ಕ, ಕಲ್ಲಿನ ಮಠ ಸುರು ಮಾಡ್ದಾ?" ಎಂದು ನಗಾಡುತ್ತಿದ್ದೆ. "ಇರ್ಲಿ ಬುಡ್ಲಾ ಮಾದೇವ, ನಿಂಗೇನ್ ಭಾರವಾ?" ಎನ್ನುತ್ತಿದ್ದಳು. ಅಷ್ಟೇ ನಮ್ಮ ಮಾತು. ಯಾಕಿಟ್ಟಿದ್ದೀಯ ಎಂದು ನಾನು ಕೇಳಲಿಲ್ಲ. ಕೇಳದವನಿಗೆ ಅವಳೂ ಹೇಳಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಮಾತಿತ್ತು. ಮೂಢನಂಬಿಕೆಯ ಬಗ್ಗೆ ಪಾಠ ಬಂದಾಗ ಹೆಸರು ಹೇಳದೆ ಅಕ್ಕನನ್ನೇ ಉದಾಹರಣೆ ಕೊಡುತ್ತಿದ್ದೆ. ಒಬ್ಬ ಹೆಂಗಸು ಒರಳುಕಲ್ಲುಗಳನ್ನು ಗುಡ್ಡೆ ಹಾಕಿಕೊಂಡು ಪೂಜೆ ಮಾಡುತ್ತಾಳೆ ಮಕ್ಕಳೇ, ಬೆಳೆ ಚೆನ್ನಾಗಿ ಬರುತ್ತದಂತೆ! ಮಕ್ಕಳು ಗೊಳ್ಳೆಂದು ನಗುತ್ತಿದ್ದರು. 

ಎರಡು ವರ್ಷದ ಹಿಂದೆ ಕಾರ್ತಿಕ ಮುಗಿಯುವ ಹೊತ್ತಿಗೆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು, ಆಪರೇಷನ್ ಆಯಿತು. ಮಗಳು ಜೊತೆಗಿದ್ದಳು. ನರ್ಸರಿಯಲ್ಲಿ ಸಂಕ್ರಾಂತಿ ಕಳೆದು ನೆಡುವವರಿಗೆ ಸಸಿ ಮಾಡುವ ಕಾಲ. ಇಪ್ಪತ್ತು ಜನಕ್ಕೆ ಅಕ್ಕ ಮಾತು ಕೊಟ್ಟಾಗಿತ್ತು. ನಿವೃತ್ತನಾಗಿ ಪೇಪರು ಓದುತ್ತ ಕೂತಿದ್ದ ನಾನು, "ನೀನು ಸುಮ್ನ ಮನಿಕ್ಕೊ ಅಕ್ಕ, ನಾನಿಲ್ವಾ?" ಎಂದೆ. ಅಕ್ಕ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ, "ಚಿಕ್ಕತಾಯಿ ಎಲ್ಲಾನು ಮಾಡ್ತಳ. ನೀನು ಜೊತೆಲಿರು ಸಾಕು" ಎಂದಳು. ಚಿಕ್ಕತಾಯಿ ಎಂದರೆ ಹನ್ನೆರಡು ವರ್ಷದಿಂದ ಅವಳ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸು. ಜೊತೆಗಿದ್ದರೆ ಸಾಕು ಎಂಬ ಮಾತನ್ನು ಮೇಷ್ಟರಿಗೆ ಹೇಳಬಾರದು. ಮೂವತ್ತೊಂದು ವರ್ಷ ಇನ್ನೊಬ್ಬರನ್ನು ತಿದ್ದಿದ ಕೈ ಸುಮ್ಮನೆ ಮಡಿಲಲ್ಲಿ ಕೂರುವುದಿಲ್ಲ.

ಹಂಗಳಕ್ಕೆ ಹೋದ ಮೂರನೇ ದಿನವೇ ನನ್ನ ಕಣ್ಣು ಬಡಗಣ ಬದಿಯ ಮೇಲೆ ಬಿತ್ತು. ಎಷ್ಟೊಂದು ಜಾಗ ದಂಡವಾಗಿದೆ! ಕಲ್ಲು ತೆಗೆಸಿದರೆ ಇನ್ನೂ ಐದಾರು ಮೇಜು ಹಿಡಿಯುತ್ತವೆ. ಅಕ್ಕ ವಾಪಸು ಬಂದಾಗ ನೋಡಿ ಬೆರಗಾಗಬೇಕು ಎಂಬ ಆಸೆ. ನಾಲ್ಕು ಆಳುಗಳನ್ನು ಕರೆಸಿದೆ. ಚಿಕ್ಕತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡ್ಡ ಬಂದಳು.

"ಬ್ಯಾಡಿ ಮೇಷ್ಟ್ರೇ. ಅಮ್ಮೋರು ಬರಗಂಟ ಅಂಗೇ ಇರ್ಲಿ ಬುಡಿ. ಅವು ಅಲ್ಲಿದ್ರೇ ಸಸಿ ಚೆಂದಾಗ್ ಬರದು."

"ಕಲ್ಲಿಗೂ ಸಸಿಗೂ ಏನಮ್ಮ ಸಂಬಂಧ?" ಎಂದು ಅವಳಿಗೂ ಒಂದು ಪಾಠ ಮಾಡಿದೆ. ಕಾರ್ಯ ಕಾರಣ ಸಂಬಂಧ ಎಂದರೇನು, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧ ಕಲ್ಪಿಸುವುದು ಹೇಗೆ ತಪ್ಪು, ಎಲ್ಲ ವಿವರವಾಗಿ ಹೇಳಿದೆ. ಅವಳು ನಡುವೆ ಏನೋ ಹೇಳಲು ಎರಡು ಸಲ ಬಾಯಿ ತೆರೆದಳು. ಪಾಠದ ನಡುವೆ ಮಾತಾಡುವವರನ್ನು ನಾನು ಎಂದೂ ಬಿಟ್ಟವನಲ್ಲ. ಸಂಜೆಯೊಳಗೆ ಕಲ್ಲುಗಳೆಲ್ಲ ಹೊರಗೆ ಬೇಲಿಯ ಪಕ್ಕ ಗುಡ್ಡೆಬಿದ್ದವು. ಡ್ರಮ್ಮುಗಳ ನೀರನ್ನು ಅರಿಶಿನದ ಸಾಲಿಗೆ ಬಿಟ್ಟು ಅವನ್ನೂ ಉರುಳಿಸಿದೆ. ಹೊಸ ಮೇಜು ಹಾಕಿ, ಬೀಜ ಊರಿಸಿ, ಫೋಟೊ ಕೂಡ ತೆಗೆದುಕೊಂಡೆ.

ಅಂದಿನಿಂದ ಶುರುವಾಯಿತು ಅಕ್ಕನ ಫೋನು. ದಿನವೂ ಸಂಜೆ ಆರು ಗಂಟೆಗೆ, ಆಸ್ಪತ್ರೆಯವರು ಕಾಫಿ ಕೊಟ್ಟ ಮೇಲೆ.

"ಸಸಿ ಎಂಗವ್ಲಾ?"

"ಚೆಂದಾಗವ ಕಣಕ್ಕ."

"ಕಲ್ಲು ಬೆಚ್ಚಗವಾ?"

ಮೊದಲ ದಿನ ನನಗೆ ಅರ್ಥವಾಗಲಿಲ್ಲ. ಆಮೇಲೆ ನಾನೇ ಅರ್ಥ ಮಾಡಿಕೊಂಡೆ. ದೇವರಿಗೆ ಚಳಿಯಾಗುತ್ತದೆ ಎಂದು ಶಾಲು ಹೊದಿಸುವ ಭಕ್ತರಿದ್ದಾರಲ್ಲ, ಹಾಗೆಯೇ ಅಕ್ಕ ತನ್ನ ಒರಳುಕಲ್ಲುಗಳ ಯೋಗಕ್ಷೇಮ ವಿಚಾರಿಸುತ್ತಿದ್ದಾಳೆ, ಪಾಪ, ಮಾತ್ರೆಯ ಮಂಪರು ಬೇರೆ. "ಬೆಚ್ಚಗವ ಕಣಕ್ಕ" ಎಂದೆ. ಹಾಸಿಗೆ ಹಿಡಿದವಳನ್ನು ನೋಯಿಸುವುದೇಕೆ? ಎರಡನೆಯ ದಿನವೂ ಕೇಳಿದಳು, ಹತ್ತನೆಯ ದಿನವೂ ಕೇಳಿದಳು. ಬೆಚ್ಚಗವ ಕಣಕ್ಕ ಎಂಬುದು ಹಾಜರಿ ಕೂಗಿದಾಗ ಮಕ್ಕಳು ಹೇಳುವ 'ಎಸ್ ಸಾರ್'ನಂತೆ ಬಾಯಿಗೆ ತಾನೇ ಬರತೊಡಗಿತು.

ಮೊದಮೊದಲು ಮೋಡ ಕವಿದಿತ್ತು, ಚಳಿ ಇರಲಿಲ್ಲ. ಆಮೇಲೆ ಆಕಾಶ ತೊಳೆದಂತಾಯಿತು. ಬೆಟ್ಟದ ಗಾಳಿ ಬಿಟ್ಟಿತು. ವಾರದೊಳಗೆ ಟೊಮೇಟೊ ಸಸಿಗಳ ಕಾಂಡ ನೇರಳೆ ಬಣ್ಣಕ್ಕೆ ತಿರುಗಿ ಬೆಳವಣಿಗೆ ನಿಂತೇಹೋಯಿತು. ಚೆಂಡುಹೂವಿನ ಸಸಿಗಳು ಮುದುಡಿ ಕೂತವು. ದಪ್ಪಮೆಣಸಿನಕಾಯಿಯ ಟ್ರೇಗಳಲ್ಲಿ ಹನ್ನೆರಡು ದಿನವಾದರೂ ಒಂದು ಹಸಿರು ಚುಕ್ಕೆಯಿಲ್ಲ. ಗುಳಿ ಕೆದಕಿ ನೋಡಿದರೆ ಬೀಜ ಲೋಳೆಯಾಗಿತ್ತು. ಇದು ಬೂಷ್ಟಿನ ರೋಗ ಎಂದು ನಿರ್ಧರಿಸಿ ಗುಂಡ್ಲುಪೇಟೆಯಿಂದ ಔಷಧಿ ತಂದು ಹೊಡೆಸಿದೆ. ಬೀಜವೇ ಕಳಪೆ ಎಂದು ಅಂಗಡಿಯವನ ಜೊತೆ ಜಗಳ ಕಾದೆ. ಚಿಕ್ಕತಾಯಿ ನೀರು ಹಾಕುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. ಕೊನೆಗೆ ಒಂದು ಥರ್ಮಾಮೀಟರ್ ತಂದು ಒಳಗೊಂದು ದಿನ, ಹೊರಗೊಂದು ದಿನ ನೇತುಹಾಕಿ ಬೆಳಗಿನ ಜಾವ ನೋಡಿದೆ. ಎರಡೂ ಕಡೆ ಪಾದರಸ ಒಂದೇ ಮಟ್ಟದಲ್ಲಿ ನಿಂತಿತ್ತು.

ಹಂಗಳಕ್ಕೆ ಹೋಗಿ ಮೂರು ವಾರವಾಗಿದ್ದಿರಬೇಕು. ಸಂಜೆ ಏಳರ ಹೊತ್ತಿಗೆ, ಎಲ್ಲ ಸಾಕಾಗಿ, ಹೊರಗೆ ಬೇಲಿಯ ಪಕ್ಕ ಬಿದ್ದಿದ್ದ ಒಂದು ಒರಳುಕಲ್ಲಿನ ಮೇಲೆ ಕೂತೆ. ಕೂತವನು ಹಾಗೇ ಎದ್ದು ನಿಂತೆ. ಮತ್ತೆ ಕೂತೆ. ಗಾಳಿ ಚುರುಚುರು ಎನ್ನುತ್ತಿತ್ತು, ಕಾಲಡಿಯ ಮಣ್ಣು ತಣ್ಣಗಿತ್ತು, ಕಲ್ಲು ಮಾತ್ರ ಬೆಚ್ಚಗಿತ್ತು. ಪಕ್ಕದ ಕಲ್ಲಿನ ಮೇಲೆ ಕೈಯಿಟ್ಟೆ, ಅದೂ ಬೆಚ್ಚಗಿತ್ತು. ಒರಳಿನ ಗುಳಿಯೊಳಗೆ ಕೈ ಇಳಿಬಿಟ್ಟೆ. ಅಲ್ಲಿ ಇನ್ನೂ ಹೆಚ್ಚು.

ಅರ್ಥವಾಗುವಾಗ ಎಲ್ಲ ಒಟ್ಟಿಗೇ ಅರ್ಥವಾಗುತ್ತದೆ. ಹಗಲು ಒಳಗೆ ಬಂದ ಬಿಸಿಲನ್ನು ಕಲ್ಲೂ ನೀರೂ ಹೊಟ್ಟೆ ತುಂಬ ಉಂಡು, ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪವೇ ಸಸಿಗಳಿಗೆ ಬಡಿಸುತ್ತಿದ್ದವು. ಡ್ರಮ್ಮು ಕಪ್ಪಗಿದ್ದದ್ದು, ಕಲ್ಲು ತೆಂಕಣ ಬಿಸಿಲಿಗೆ ಮುಖಮಾಡಿ ಬಡಗಣ ಬದಿಗಿದ್ದದ್ದು, ಯಾವುದೂ ಸುಮ್ಮನೆ ಆಗಿರಲಿಲ್ಲ. ಚಳಿದೇಶಗಳವರು ಗಾಜಿನ ಮನೆಯೊಳಗೆ ಪೀಪಾಯಿಗಟ್ಟಲೆ ನೀರು, ಇಟ್ಟಿಗೆಯ ಗೋಡೆ ಇಟ್ಟುಕೊಂಡು ಇದನ್ನೇ ಮಾಡುತ್ತಾರಂತೆ, ಅದಕ್ಕೆ ಥರ್ಮಲ್ ಮಾಸ್ ಎನ್ನುತ್ತಾರಂತೆ. ಇದೆಲ್ಲ ಆಮೇಲೆ ಮೊಬೈಲಿನಲ್ಲಿ ಓದಿದ್ದು. ಆವತ್ತು ಅಲ್ಲಿ ನನಗೆ ನೆನಪಾದದ್ದು ಎರಡು ಅಂಕದ ಪ್ರಶ್ನೆ ಮಾತ್ರ. ಅಕ್ಕ ಹೇಗೆ ಕಂಡುಕೊಂಡಳೆಂದು ಚಿಕ್ಕತಾಯಿಯನ್ನು ಕೇಳಿದೆ. ಒಂದು ವರ್ಷ ಚಳಿಯಲ್ಲಿ ಯಾವ ಟ್ರೇಯೂ ಮೊಳೆಯದೆ, ಮರೆತು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಟ್ಟಿದ್ದ ಒಂದು ಟ್ರೇ ಮಾತ್ರ ಮೊಳೆಯಿತಂತೆ. ಅಕ್ಕ ಕಲ್ಲನ್ನು ಮುಟ್ಟಿ ನೋಡಿದಳಂತೆ. ಅಷ್ಟೇ.

"ಅಂಗಾದ್ರ, ವಿಭೂತಿ ಯಾಕ?" ಎಂದೆ.

"ಅಷ್ಟ್ ಕೆಲ್ಸ ಮಾಡ್ತವಲ್ಲ ಮೇಷ್ಟ್ರೇ, ಅದ್ಕ" ಎಂದಳು.

ಮಾರನೆಯ ಬೆಳಿಗ್ಗೆಯಿಂದಲೇ ಕಲ್ಲುಗಳನ್ನು ಒಳಗೆ ಹೊರಿಸತೊಡಗಿದೆ. ಚಿಕ್ಕತಾಯಿ, ಅವಳ ಗಂಡ, ನಾನು. ತೆಗೆಯಲು ಸಿಕ್ಕ ಆಳುಗಳು ಇಡಲು ಸಿಗಲಿಲ್ಲ, ಮೂರು ದಿನ ಹಿಡಿಯಿತು. ಆ ಮೂರು ಸಂಜೆಯೂ ಫೋನು ಬಂತು. ಅಕ್ಕನ ದನಿ ಸಣ್ಣಗಾಗಿತ್ತು, ನಡುನಡುವೆ ಕೆಮ್ಮುತ್ತಿದ್ದಳು. "ಕಲ್ಲು ಬೆಚ್ಚಗವಾ ಮಾದೇವ?" ಅಲ್ಲಿಯವರೆಗೆ ನಾನು ಹೇಳಿದ್ದು ತಿಳಿಯದೆ ಹೇಳಿದ ಸುಳ್ಳು, ಅದನ್ನು ದೇವರಿದ್ದರೆ ಕ್ಷಮಿಸಿಯಾನು. ಈ ಮೂರು ದಿನದ್ದು ತಿಳಿದೂ ತಿಳಿದೂ ಹೇಳಿದ್ದು. ಕಲ್ಲು ಇಟ್ಟು, ನೀರು ತುಂಬಿಸಿ, ಒಂದು ಟ್ರೇಯಲ್ಲಾದರೂ ಮೊಳಕೆ ಬರಿಸಿ ಆಮೇಲೆ ಹೇಳೋಣ, ತಪ್ಪನ್ನು ತಿದ್ದಿಟ್ಟು ಹೇಳಿದರೆ ಬೈಗುಳ ಅರ್ಧವಾಗುತ್ತದೆ ಎಂದುಕೊಂಡೆ. ಅರವತ್ಮೂರು ವರ್ಷದವನಿಗೆ ಅಕ್ಕ ಬೈದಾಳು ಎಂಬ ಹೆದರಿಕೆ. ನಗಬೇಡಿ, ನನಗೆ ಬೈಯಲು ಭೂಮಿಯ ಮೇಲೆ ಉಳಿದಿದ್ದವಳು ಅವಳೊಬ್ಬಳೇ.

ನಾಲ್ಕನೆಯ ದಿನ ಬಿಸಿಲು ಚೆನ್ನಾಗಿ ಬಂತು. ಸಂಜೆ ಒಳಗೆ ಹೋಗಿ ಒಂದೊಂದು ಕಲ್ಲನ್ನೂ ಮುಟ್ಟಿದೆ. ಎಲ್ಲ ಬೆಚ್ಚಗಿದ್ದವು. ಇವತ್ತು ಹೇಳಿಬಿಡಬೇಕು, ಎಲ್ಲವನ್ನೂ ಹೇಳಿ ಕೊನೆಗೆ, ಈಗ ನಿಜವಾಗ್ಲೂ ಬೆಚ್ಚಗವ ಕಣಕ್ಕ ಎನ್ನಬೇಕು ಎಂದು ಮೊಬೈಲು ಹಿಡಿದು ಕೂತೆ. ಆರು ಗಂಟೆಯಾಯಿತು, ಆರೂವರೆಯಾಯಿತು. ಫೋನು ಬರಲಿಲ್ಲ. ನಾನೇ ಮಾಡಿದೆ. ಅಕ್ಕನ ಮಗಳು ಎತ್ತಿದಳು. ಮಧ್ಯಾಹ್ನದಿಂದ ಉಸಿರಾಟ ಕಷ್ಟವಾಗಿ ಅಕ್ಕನನ್ನು ಐಸಿಯುಗೆ ಹಾಕಿದ್ದಾರೆ, ಮಾತಾಡುವ ಹಾಗಿಲ್ಲ ಎಂದಳು. ಎರಡು ದಿನ ಗಾಜಿನ ಬಾಗಿಲ ಹೊರಗೆ ನಿಂತಿದ್ದೆ. ಮೂರನೆಯ ದಿನ ಅಕ್ಕ ಹೋದಳು.

ನಮ್ಮ ಪದ್ಧತಿಯಂತೆ ಅವಳನ್ನು ಕೂರಿಸಿ, ಹಣೆಗೆ ವಿಭೂತಿ ಎಳೆದು, ಅವಳದೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದೆವು. ಗುಂಡಿಗೆ ಇಳಿದು ಅವಳನ್ನು ಕೂರಿಸಿದವರಲ್ಲಿ ನಾನೂ ಒಬ್ಬ. ಮೇಲೆ ಗಾಳಿ ಕೊರೆಯುತ್ತಿತ್ತು, ಒಳಗೆ ಮಣ್ಣು ಬೆಚ್ಚಗಿತ್ತು. ಆಳದ ಮಣ್ಣು ಚಳಿಗಾಲದಲ್ಲೂ ಬೆಚ್ಚಗಿರುತ್ತದೆ ಎಂದು ಪುಸ್ತಕದಲ್ಲಿದೆ. ಅದರಿಂದ ನನಗಾದ ಸಮಾಧಾನದ ಮಾತು ಯಾವ ಪುಸ್ತಕದಲ್ಲೂ ಇಲ್ಲ.

ಹನ್ನೊಂದನೆಯ ದಿನ ಆರಾಧನೆ. ಸಸಿಗೆ ಹೇಳಿದ್ದ ರೈತರೆಲ್ಲ ಊಟಕ್ಕೆ ಬಂದಿದ್ದರು. ಒಬ್ಬರೂ ಸಸಿಯ ಮಾತೆತ್ತಲಿಲ್ಲ. ಸಾವಿನ ಮನೆಯೆಂದು ಸುಮ್ಮನಿದ್ದಾರೆ ಎಂದುಕೊಂಡೆ. ಇನ್ನು ತಡೆಯಲಾರದೆ, ಎಲ್ಲರಿಗಿಂತ ಹೆಚ್ಚು ಸಸಿಗೆ ಹೇಳಿದ್ದ ನಂಜಪ್ಪನ ಎಲೆಯ ಮುಂದೆ ಹೋಗಿ ನಿಂತೆ. "ನಂಜಪ್ಪ, ನಿಮಗೆ ಸಸಿ ಕೊಡಲಾಗಲಿಲ್ಲ. ಅಕ್ಕನ ಮಾತು ಕೆಡಿಸಿದವನು ನಾನು" ಎಂದೆ. ನಂಜಪ್ಪ ತುತ್ತನ್ನು ಎಲೆಗೇ ಬಿಟ್ಟು ತಲೆಯೆತ್ತಿದ.

"ಅಮ್ಮ ಪೋನ್ ಮಾಡಿದ್ರು ಮೇಷ್ಟ್ರೇ. ಅವ್ರು ಓಗದ್ಕ ಹತ್ತ್ ಹನ್ನೆಲ್ಡ್ ದಿಸ ಮುಂಚೇನೆ. 'ಕಲ್ಲ ನಾನೇ ತಗಸ್ಬುಟ್ಟಿ ಕಣ ನಂಜಪ್ಪ, ಬುದ್ದಿ ಇಲ್ದೆ. ಈ ಸಲ ಸಸಿ ಬರಲ್ಲ, ಬ್ಯಾರೆ ಕಡ ನೋಡ್ಕೊ' ಅಂದ್ರು. ಎಲ್ರಿಗೂ ಅಂಗೇ ಏಳವ್ರ."

"ಅಕ್ಕ ಅಲ್ಲಪ್ಪ ತೆಗೆಸಿದ್ದು. ನಾನು" ಎಂದೆ.

"ಗೊತ್ತು ಬುಡಿ. ಮೈಸೂರ್ನಲ್ಲಿ ಮಂಚದ ಮ್ಯಾಲ ಮನಗಿದ್ದೋರು ಇಲ್ಲಿ ಕಲ್ಲ ಎಂಗ ತಗಸ್ತರ? ನಮ್ಗೂ ಅಷ್ಟ್ ತಿಳಿವಳ್ಕ ಅದ" ಎಂದ ನಂಜಪ್ಪ. ಪಕ್ಕದ ಎಲೆಯವನು, "ಮೇಷ್ಟ್ರಿಗೂ ಒಂದ್ ಎಲೆ ಹಾಕ್ರಪ್ಪ" ಎಂದು ಕೂಗಿದ.

ನಾನು ಎಲೆಯ ಮುಂದೆ ಕೂರಲಿಲ್ಲ. ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಚಿಕ್ಕತಾಯಿಯ ಹತ್ತಿರ ಹೋದೆ. ಅವಳು ತಲೆ ಎತ್ತದೆಯೇ ಎಲ್ಲ ಹೇಳಿದಳು. ದಪ್ಪಮೆಣಸಿನಕಾಯಿ ಬೀಜ ಕೊಳೆತದ್ದು ಗೊತ್ತಾದ ದಿನವೇ ತಡೆಯಲಾರದೆ ಅಕ್ಕನಿಗೆ ಫೋನು ಮಾಡಿದ್ದಳು. ಕಲ್ಲುಗಳನ್ನು ನಾನೇ ಈಗಲೇ ಇಡಿಸಲಾ ಎಂದು ಕೇಳಿದ್ದಳು. ಅಕ್ಕ ಬೇಡ ಎಂದಳಂತೆ.

"'ಈ ಸಲದ ಸಸಿಗೆ ಕಾಲ ಮೀರೋಯ್ತು, ಕಲ್ಲು ಎಲ್ಗೂ ಓಗಲ್ಲ. ನೀ ಏನೂ ಏಳ್ಬ್ಯಾಡ ಚಿಕ್ಕತಾಯಿ, ಅವ್ನೇ ಏಳ್ತನ. ನಾನ್ ದಿನಾ ಕೇಳ್ತಿನಲ್ಲ, ಇವತ್ತಲ್ಲ ನಾಳ ಏಳ್ತನ' ಅಂದ್ರು ಮೇಷ್ಟ್ರೇ."

ಅಂದರೆ ಆಮೇಲೆ ಬಂದ ಅಷ್ಟೂ ಫೋನಿನಲ್ಲಿ ಅಕ್ಕನಿಗೆ ಉತ್ತರ ಗೊತ್ತಿತ್ತು. ನನ್ನ ತಪ್ಪನ್ನು ಹಗಲು ಊರವರ ಮುಂದೆ ತನ್ನ ಮೇಲೆ ಎಳೆದುಕೊಂಡು, ಸಂಜೆ ನನ್ನನ್ನು ಅದೇ ಪ್ರಶ್ನೆ ಕೇಳುತ್ತಿದ್ದಳು. ಕೆಮ್ಮುತ್ತಿದ್ದವಳು ಉಸಿರು ಕೂಡಿಸಿಕೊಂಡು ಕೇಳುತ್ತಿದ್ದದ್ದು ಕಲ್ಲಿನ ಸುದ್ದಿಯನ್ನಲ್ಲ.

ನರ್ಸರಿ ಈಗ ಚಿಕ್ಕತಾಯಿಯದು, ಅಕ್ಕನ ಮಗಳು ಅವಳಿಗೇ ವಹಿಸಿದ್ದಾಳೆ. ಸಸಿ ಕೊಟ್ಟ ಮಾತಿಗೆ ಸರಿಯಾಗಿ ಹೋಗುತ್ತಿದೆ. ನಾನು ಆಗಾಗ ಬಸ್ಸು ಹತ್ತಿ ಹೋಗಿ ಜೊತೆಗಿರುತ್ತೇನೆ, ಅಷ್ಟೇ ಇರುತ್ತೇನೆ. ಬಸ್ಸಿನಲ್ಲಿ ಹೋಗುವಾಗ ನನ್ನ ತರಗತಿಗಳು ನೆನಪಾಗುತ್ತವೆ. ತಪ್ಪು ಉತ್ತರ ಹೇಳಿದ ಮಕ್ಕಳಿಗೆ ನಾನು ಕೂಡಲೇ ತಪ್ಪು ಎನ್ನುತ್ತಿರಲಿಲ್ಲ. ಅದೇ ಪ್ರಶ್ನೆಯನ್ನು ಇನ್ನೊಂದು ಸಲ, ಸ್ವಲ್ಪ ಮೆತ್ತಗೆ ಕೇಳುತ್ತಿದ್ದೆ. ದಡ್ಡ ಮಕ್ಕಳಿಗೂ ಅದು ಅರ್ಥ ಆಗುತ್ತಿತ್ತು. ಮೇಷ್ಟರು ಮತ್ತೆ ಕೇಳುತ್ತಿದ್ದಾರೆ ಎಂದರೆ ತಿದ್ದಿಕೊಳ್ಳಲು ಜಾಗ ಬಿಡುತ್ತಿದ್ದಾರೆ ಎಂದು, ತಲೆ ಕೆರೆದುಕೊಂಡು, ಸರಿಯಾದದ್ದನ್ನು ಹೇಳುತ್ತಿದ್ದರು. ನನಗೆ ಅಕ್ಕ ಅಷ್ಟು ದಿನ ಕೇಳಿದಳು, ನಾನು ತಿದ್ದಿಕೊಳ್ಳಲಿಲ್ಲ. ಈಗ ಯಾರೇ ಆಗಲಿ, ಚಿಕ್ಕತಾಯಿಯಾಗಲಿ, ಬಸ್ಸಿನ ಕಂಡಕ್ಟರೇ ಆಗಲಿ, ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ, ನಾನು ಮೊದಲು ಕೊಟ್ಟ ಉತ್ತರವನ್ನು ವಾಪಸು ತೆಗೆದುಕೊಳ್ಳುತ್ತೇನೆ.